ಸ್ತೂಪ ಬೇಡವೆಂದ ಭಿಕ್ಷು

ಸತ್ತ ಮೇಲೆ ಮನುಷ್ಯ ಏನಾಗುತ್ತಾನೆ? ವಿಯೆಟ್ನಾಮಿನ ಬೌದ್ಧ ಗುರು ತಿಕ್ ನ್ಯಾಟ್ ಹಾನ್ ಈ ಪ್ರಶ್ನೆಯನ್ನು ಎದುರಿಸಿದ್ದು ಬಾಂಬು ಬೀಳುತ್ತಿದ್ದ ನಾಡಿನಲ್ಲಿ.

1926ರಲ್ಲಿ ಜನಿಸಿದ ಅವರು ಹದಿನಾರರ ಹರೆಯದಲ್ಲಿ ಹುಯೆ ನಗರದ ತು ಹಿಯು ಮಠ ಸೇರಿದರು. ಯುದ್ಧ ಬಂದಾಗ ಮಠದಲ್ಲಿ ಕುಳಿತು ಧ್ಯಾನಿಸುವುದೋ, ನೊಂದವರ ನೆರವಿಗೆ ಹೋಗುವುದೋ ಎಂಬ ಪ್ರಶ್ನೆ ಎದ್ದಿತು. ಎರಡೂ ಬೇಕು ಎಂದರು ಹಾನ್. ಅವರು ಕಟ್ಟಿದ ಯುವಪಡೆ ಹಾಳುಬಿದ್ದ ಹಳ್ಳಿಗಳನ್ನು ಮತ್ತೆ ಕಟ್ಟಲು ಹೊರಟಿತು.

1966ರಲ್ಲಿ ಅಮೆರಿಕಕ್ಕೆ ಹೋಗಿ ಯುದ್ಧ ನಿಲ್ಲಿಸಿ ಎಂದು ಕೇಳಿದ್ದೇ ತಪ್ಪಾಯಿತು. ದಕ್ಷಿಣದ ಸರ್ಕಾರವೂ, 1975ರಲ್ಲಿ ಗೆದ್ದ ಕಮ್ಯುನಿಸ್ಟರೂ ಅವರನ್ನು ಒಳಗೆ ಬಿಡಲಿಲ್ಲ. 1967ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ನೊಬೆಲ್ ಶಾಂತಿ ಪ್ರಶಸ್ತಿಗೆ ಹಾನ್ ಹೆಸರು ಸೂಚಿಸಿದರು. ಆ ವರ್ಷ ಪ್ರಶಸ್ತಿ ಯಾರಿಗೂ ಸಿಗಲಿಲ್ಲ. 1982ರಲ್ಲಿ ಅವರು ಫ್ರಾನ್ಸಿನಲ್ಲಿ ಪ್ಲಮ್ ವಿಲೇಜ್ ಆಶ್ರಮ ಸ್ಥಾಪಿಸಿದರು. ತಾಯ್ನಾಡಿನ ಬಾಗಿಲು ತೆರೆದದ್ದು 39 ವರ್ಷಗಳ ನಂತರ, 2005ರಲ್ಲಿ.

ಸಾವಿನ ಬಗ್ಗೆ ಅವರ ಉತ್ತರ ಸರಳ. ಕಾಣೆಯಾದ ಮೋಡ ಮಳೆಯಾಗಿ, ನಮ್ಮ ಬಟ್ಟಲಿನ ಚಹಾವಾಗಿ ಬಂದಿರುತ್ತದೆ. ಹಾಗೆಯೇ ಹೆತ್ತವರು ಮಕ್ಕಳಲ್ಲಿದ್ದಾರೆ. ಮಗುವನ್ನು ಕಳೆದುಕೊಂಡ ತಾಯಿಗೆ ಈ ಸಮಾಧಾನ ಸಾಲದು ಎನಿಸಬಹುದು. ಆದರೆ ಹೇಳಿದವರು ತಮ್ಮ ಯುವಪಡೆಯ ಸಂಗಾತಿಗಳನ್ನೇ ಯುದ್ಧದಲ್ಲಿ ಕಳೆದುಕೊಂಡವರು.

2014ರಲ್ಲಿ ಮೆದುಳಿನ ರಕ್ತಸ್ರಾವ ಅವರ ಮಾತನ್ನು ಕಸಿದುಕೊಂಡಿತು. 2018ರಲ್ಲಿ ತು ಹಿಯು ಮಠಕ್ಕೆ ಮರಳಿ, 2022ರ ಜನವರಿ 22ರಂದು ಅಲ್ಲೇ ಕಣ್ಣು ಮುಚ್ಚಿದರು. ತಮಗೆ ಸ್ತೂಪ ಕಟ್ಟಬೇಡಿ ಎಂದು ಮೊದಲೇ ಹೇಳಿದ್ದರು. ಅದರೊಳಗೆ ತಾವು ಇರುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ.