ಸ್ಪ್ರೂಸ್ ಕುಡಿಯ ಬಿಯರು

ಗಾಜಿನ ಲೋಟಕ್ಕೆ ಬಗ್ಗಿಸಿದ ರೆಡ್ ಐಪಿಎ ಬಿಯರಿಗೆ ಜೋನಿಬೆಲ್ಲದ ಬಣ್ಣ. ಮೊಳಕೆ ಬರಿಸಿದ ಬಾರ್ಲಿಯನ್ನು ಕೆಂಪಗೆ ಹುರಿದದ್ದರಿಂದ ಬಂದ ಬಣ್ಣ ಅದು. ರಾಗಿ ಮೊಳಕೆ ಹುರಿಯುವಾಗ ಅಡುಗೆಮನೆ ತುಂಬುವ ಘಮವೂ ಅದರೊಳಗಿದೆ. ಮೊದಲ ಗುಟುಕಿಗೆ ಕಂದಿದ ಸಕ್ಕರೆಯ ಸಿಹಿ, ಹಿಂದೆಯೇ ಹಾಪ್ಸ್ ಹೂವಿನ ಕಹಿ. ಸೂಜಿಎಲೆಯ ಸ್ಪ್ರೂಸ್ ಮರದ ಎಳೆ ಕುಡಿಗಳನ್ನೂ ಹಾಕಿದ್ದರೆ ಗುಟುಕು ಇಳಿದ ಮೇಲೆ ಮತ್ತೊಂದು ರುಚಿ ಏಳುತ್ತದೆ: ಹೇರಳೆಕಾಯಿ ಸಿಪ್ಪೆಯ ಹುಳಿಗಂಪು, ಜೊತೆಗೆ ಮರದ ಅಂಟಿನ ಘಾಟು.

ಐಪಿಎ (ಇಂಡಿಯಾ ಪೇಲ್ ಏಲ್) ಎಂಬ ಹೆಸರಿನ ಮೊದಲಕ್ಷರ ಇಂಡಿಯಾದ್ದು. ಇಂಗ್ಲೆಂಡಿನಿಂದ ಹಡಗೇರಿ ಇಲ್ಲಿಗೆ ಬರುತ್ತಿದ್ದ, ಹಾಪ್ಸ್ ಹೆಚ್ಚಿಗೆ ಹಾಕಿದ ಬಿಯರಿನ ನೆನಪು ಅದರಲ್ಲಿದೆ. ಸ್ಪ್ರೂಸ್ ಕುಡಿಯ ಕಥೆ ಬೇರೆ ಸಮುದ್ರದ್ದು. ಅದು ಬಿಯರಿಗೆ ಬಂದದ್ದು ಮದ್ದಾಗಿ.

1535ರ ಚಳಿಗಾಲದಲ್ಲಿ ಫ್ರೆಂಚ್ ನಾವಿಕ ಜಾಕ್ ಕಾರ್ತಿಯೇಯ ಹಡಗುಗಳು ಇಂದಿನ ಕ್ಯುಬೆಕ್ ನಗರವಿರುವಲ್ಲಿ, ಸ್ಟಾಡಕೋನಾ ಎಂಬ ಮೂಲನಿವಾಸಿಗಳ ಊರಿನ ಹತ್ತಿರ ಹಿಮದಲ್ಲಿ ಹೂತುಕೊಂಡವು. ಜನಕ್ಕೆ ಸ್ಕರ್ವಿ ಹಿಡಿಯಿತು. ವಸಡು ಕೊಳೆಯಿತು, ಹಲ್ಲು ಉದುರಿತು, ಕಾಲು ಬಾತು ಕಪ್ಪಾಯಿತು. ಫೆಬ್ರುವರಿ ನಡುವಿಗೆ 110 ಮಂದಿಯಲ್ಲಿ ಗಟ್ಟಿಯಾಗಿದ್ದವರು 10 ಜನವೂ ಇರಲಿಲ್ಲ. 25 ಮಂದಿ ಸತ್ತರು.

ಆ ಊರಿನ ಮುಖ್ಯಸ್ಥ ಡೊನ್ನಕೋನನ ಮಗ ಡೊಮಗಾಯನಿಗೂ ಅದೇ ಕಾಯಿಲೆ ಬಂದಿತ್ತು. ಮೊಣಕಾಲು ಊದಿಕೊಂಡು ನರಳುತ್ತಿದ್ದವನು ಹತ್ತು ಹನ್ನೆರಡು ದಿನಗಳಲ್ಲಿ ಓಡಾಡುತ್ತಿರುವುದನ್ನು ಕಂಡು ಕಾರ್ತಿಯೇ ಬೆರಗಾಗಿ ಕೇಳಿದ. ಡೊಮಗಾಯ ಏನನ್ನೂ ಮುಚ್ಚಿಡಲಿಲ್ಲ. ಇಬ್ಬರು ಹೆಂಗಸರನ್ನು ಕಳಿಸಿ ‘ಅನ್ನೆಡ್ಡ’ ಎಂಬ ಮರದ ಒಂಬತ್ತು ಹತ್ತು ಕೊಂಬೆ ತರಿಸಿದ. ತೊಗಟೆ, ಎಲೆ ಸೇರಿಸಿ ಕುದಿಸಿ ಕಷಾಯ ಕುಡಿಯಬೇಕು, ಚರಟವನ್ನು ಬಾತ ಕಾಲಿಗೆ ಕಟ್ಟಬೇಕು. ಒಂದಿಬ್ಬರು ಕುಡಿದು ಚೇತರಿಸಿಕೊಂಡದ್ದೇ ತಡ, ಎಂಟು ದಿನದೊಳಗೆ ದೊಡ್ಡದೊಂದು ಮರವೇ ಖಾಲಿಯಾಯಿತು. ಆ ಮರ ಸ್ಪ್ರೂಸೋ, ಫರ್ರೋ, ಸೀಡರೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ.

ಜೀವ ಉಳಿಸಿದವರಿಗೆ ಸಿಕ್ಕ ಪ್ರತಿಫಲವನ್ನು ಹೇಳದೆ ಈ ಕಥೆಯನ್ನು ದಾಟಬಾರದು. 1536ರ ಮೇ ತಿಂಗಳಲ್ಲಿ ಕಾರ್ತಿಯೇ ಡೊನ್ನಕೋನನನ್ನೂ ಡೊಮಗಾಯನನ್ನೂ ಹಿಡಿದು ಫ್ರಾನ್ಸಿಗೆ ಒಯ್ದ. ಹೀಗೆ ಹೋದ 10 ಮಂದಿಯಲ್ಲಿ ಒಬ್ಬ ಹುಡುಗಿಯ ಹೊರತು ಎಲ್ಲರೂ ಅಲ್ಲೇ ತೀರಿಕೊಂಡರು. 1541ರಲ್ಲಿ ಮತ್ತೆ ಬಂದ ಕಾರ್ತಿಯೇ, ಮುಖ್ಯಸ್ಥನೊಬ್ಬ ಸತ್ತ, ಉಳಿದವರು ಮದುವೆಯಾಗಿ ದೊರೆಗಳಂತೆ ಬಾಳುತ್ತಿದ್ದಾರೆ ಎಂದು ಊರಿನವರಿಗೆ ಸುಳ್ಳು ಹೇಳಿದ.

ಮದ್ದಿನ ಮಾತು ಮಾತ್ರ ಉಳಿಯಿತು. ಮುಂದೆ ಉತ್ತರ ಅಮೆರಿಕದ ವಲಸಿಗರು ಸ್ಪ್ರೂಸ್ ಕಷಾಯದ ಕಹಿಗೆ ಕಾಕಂಬಿ ಬೆರೆಸಿ ಹುಳಿಸಿದರು. ಅದೇ ಅಲ್ಲಿನ ಸ್ಪ್ರೂಸ್ ಬಿಯರ್. ಬ್ರಿಟಿಷ್ ಸೇನಾಪತಿ ಜೆಫ್ರಿ ಆಮ್ಹರ್ಸ್ಟ್ 1750ರ ದಶಕದ ಕೊನೆಯಲ್ಲಿ ತನ್ನ ದಿನಚರಿಯಲ್ಲಿ ಅದರ ಲೆಕ್ಕ ಬರೆದಿಟ್ಟಿದ್ದಾನೆ. 7 ಪೌಂಡು ಸ್ಪ್ರೂಸನ್ನು ತೊಗಟೆ ಬಿಡುವವರೆಗೆ ಬೇಯಿಸಿ ತೆಗೆದು, ಆ ನೀರಿಗೆ 3 ಗ್ಯಾಲನ್ ಕಾಕಂಬಿ ಸುರಿದು ಮತ್ತೆ ಕುದಿಸಿ, ನೊರೆ ತೆಗೆದು, 30 ಗ್ಯಾಲನ್ ಪೀಪಾಯಿಗೆ ಸಾಲುವಷ್ಟು ನೀರು ಕೂಡಿಸಬೇಕು. ಉಗುರುಬೆಚ್ಚಗಾದಾಗ ಒಂದು ಪಿಂಟ್ ಯೀಸ್ಟ್. ಹುಳಿಯೆದ್ದ ಪೀಪಾಯಿಯ ಬಾಯಿಗೆ ಡೇರೆಯ ಗೂಟವನ್ನೇ ಬಿರಡೆಯಾಗಿ ಬಡಿದು, ಆಗಾಗ ಸಡಿಲಿಸಿ ಗಾಳಿ ಬಿಡುತ್ತಿದ್ದರು. ಯುದ್ಧಭೂಮಿಯ ಅಡುಗೆ ಎಂಬುದಕ್ಕೆ ಆ ಗೂಟವೇ ಸಾಕ್ಷಿ. 1775ರಲ್ಲಿ ಬ್ರಿಟಿಷರ ವಿರುದ್ಧ ನಿಂತ ಅಮೆರಿಕದ ಸೈನ್ಯವೂ ಪ್ರತಿ ಸೈನಿಕನಿಗೆ ದಿನಕ್ಕೆ ಒಂದು ಕ್ವಾರ್ಟ್ ಸ್ಪ್ರೂಸ್ ಬಿಯರ್ ಅಥವಾ ಸೈಡರ್ ಎಂದು ಪಡಿತರ ಗೊತ್ತುಮಾಡಿತು.

ಈ ಬಿಯರ್ ಬಳಕೆಯಲ್ಲಿದ್ದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯನ್ನು ಅಳೆದಿದ್ದ ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ 1773ರಲ್ಲಿ ನ್ಯೂಜಿಲೆಂಡಿನ ಡಸ್ಕಿ ಸೌಂಡಿನಲ್ಲಿ ಲಂಗರು ಹಾಕಿದಾಗ ಅಲ್ಲಿ ಸ್ಪ್ರೂಸ್ ಇರಲಿಲ್ಲ. ಹೋಲುವಂಥ ರಿಮು ಮರದ ಕುಡಿ ಮುರಿಸಿ, ಅದರ ಒಗರು ತಗ್ಗಲೆಂದು ಮಾನುಕ ಎಲೆ ಸೇರಿಸಿ ಬಿಯರ್ ಮಾಡಿಸಿದ. ಆ ನಾಡಿನ ಮೊದಲ ಬಿಯರ್ ಅದೇ.

ಇಷ್ಟೆಲ್ಲ ನಂಬಿಕೆಗೆ ಬಿಯರ್ ತಕ್ಕುದಾಗಿತ್ತೇ? ಎಳೆ ಸೂಜಿಎಲೆಯಲ್ಲಿ ಸ್ಕರ್ವಿ ತಡೆಯುವ ಸಿ ಜೀವಸತ್ವ ಇರುವುದು ನಿಜ. ಹೊತ್ತುಗಟ್ಟಲೆ ಕುದಿಸಿ ಪೀಪಾಯಿಯಲ್ಲಿಟ್ಟರೆ ಅದರಲ್ಲಿ ಬಹುಪಾಲು ಹಾಳಾಗುತ್ತದೆ. ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ 1747ರಲ್ಲಿ ಹಡಗಿನ 12 ಸ್ಕರ್ವಿ ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಗೆದ್ದದ್ದು ಕಿತ್ತಳೆ, ನಿಂಬೆ. 1795ರಿಂದ ಬ್ರಿಟಿಷ್ ನೌಕಾಪಡೆ ನಿಂಬೆರಸಕ್ಕೆ ಹೊರಳಿತು.

ಅಷ್ಟರಲ್ಲಿ ನಾಲಿಗೆಗೆ ರುಚಿ ಹತ್ತಿತ್ತು. 1796ರ ಅಮೇಲಿಯಾ ಸಿಮನ್ಸಳ ಅಮೆರಿಕನ್ ಅಡುಗೆ ಪುಸ್ತಕದಲ್ಲಿ ಸ್ಪ್ರೂಸ್ ಸತ್ವವೂ ಹಾಪ್ಸೂ ಒಂದೇ ಬಿಯರಿಗೆ ಬೀಳುತ್ತವೆ. ಸ್ಪ್ರೂಸ್ ಕುಡಿ ಹಾಕುವ ಇಂದಿನ ರೆಡ್ ಐಪಿಎ ತಯಾರಕರು ಆ ಜೋಡಿಯನ್ನೇ ಮತ್ತೆ ಕೂಡಿಸಿದ್ದಾರೆ. ಕಾಕಂಬಿಯ ಜಾಗಕ್ಕೆ ಹುರಿದ ಮಾಲ್ಟ್ ಬಂದಿದೆ.

ಅಲಾಸ್ಕಾದ ಜೂನೋ ಊರಿನ ಅಲಾಸ್ಕನ್ ಬ್ರೂಯಿಂಗ್ ಕಂಪನಿಯ ಚಳಿಗಾಲದ ಏಲ್‌ಗೆ ಬೀಳುವುದು ಸಿಟ್ಕಾ ಸ್ಪ್ರೂಸಿನ ಕುಡಿ. ಕುಡಿ ಕೀಳುವ ಕಾಲ ವಸಂತ. ಮೊಗ್ಗಿನ ಕಂದು ಸಿಪ್ಪೆ ಕಳಚಿ ತಿಳಿಹಸಿರು ಹೊರಬಂದ ಕೆಲವೇ ದಿನಗಳಲ್ಲಿ ಕೆಲಸ ಮುಗಿಯಬೇಕು. ಬಲಿತರೆ ಹುಳಿಗಂಪು ಹೋಗಿ ಬರೀ ಅಂಟಿನ ಘಾಟು ಉಳಿಯುತ್ತದೆ. ಬಲ್ಲವರು ಒಂದೇ ಮರವನ್ನು ಬೋಳಿಸುವುದಿಲ್ಲ. ಪಕ್ಕದ ರೆಂಬೆಗಳಿಂದ ಅಷ್ಟಷ್ಟೇ ಚಿವುಟುತ್ತಾ ಹೋಗುತ್ತಾರೆ, ನೆತ್ತಿಯ ಕುಡಿಗೆ ಕೈಹಾಕುವುದಿಲ್ಲ. ಮರ ಎತ್ತರಕ್ಕೆ ಬೆಳೆಯುವುದು ಅದರಿಂದ.