ಕಾಳಗದ ತಾಳಿಕೋಟಿ, ಕಲ್ಲಿನ ತಾಳಿಕೋಟಿ

ನಾವು ಕೊಲ್ಹಾರದವರು. ನಮಗೆ ತಿಳುವಳಿಕೆ ಬರುವ ಹೊತ್ತಿಗೆ ಹಳೇ ಕೊಲ್ಹಾರ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ಹೊಸ ಊರು ಎತ್ತರದ ನೆಲಕ್ಕೆ ಬಂದು ಕೂತಿತ್ತು. ಹೊಸ ಮನೆಯ ನೆಲಕ್ಕೆ ಹಾಸಿದ್ದು ತಾಳಿಕೋಟಿಯ ಪರಸಿ ಕಲ್ಲು. ಅದರ ಮೇಲೆ ಅಂಬೆಗಾಲಿಟ್ಟವರು ನಾವು. ಅದರ ಮೇಲೆಯೇ ಸೀಮೆಸುಣ್ಣದಿಂದ ಅ ಆ ಬರೆದವರು. ಆದರೆ ಸಾಲಿಯಲ್ಲಿ ಮಾಸ್ತರರು ‘ತಾಳಿಕೋಟಿ ಅಂದ್ರ ಏನು?’ ಎಂದು ಕೇಳಿದಾಗ ಎಲ್ಲರೂ ಒಂದೇ ದನಿಯಲ್ಲಿ ಕೂಗಿದ್ದು, ‘1565ರ ಯುದ್ಧ ರೀ ಸರ್!’ ಕಾಲಡಿಯ ಕಲ್ಲು ಯಾರಿಗೂ ನೆನಪಾಗಲಿಲ್ಲ.

ಗೆಳೆಯರೆ, ಆ ಯುದ್ಧವಾದರೂ ತಾಳಿಕೋಟಿಯಲ್ಲಿ ನಡೆದದ್ದಲ್ಲ. 1564ರ ಕೊನೆಗೆ ವಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಿನ ಸುಲ್ತಾನರ ದಂಡು ಬಂದು ಬೀಡುಬಿಟ್ಟದ್ದು ಇಲ್ಲಿ. 1565ರ ಜನವರಿ 23ರಂದು ಅಳಿಯ ರಾಮರಾಯನ ತಲೆ ಉರುಳಿದ್ದು ಇಲ್ಲಿಂದ ಬಹುದೂರ ದಕ್ಷಿಣಕ್ಕೆ, ಕೃಷ್ಣೆಯ ದಂಡೆಯ ರಕ್ಕಸಗಿ–ತಂಗಡಗಿ ಹಳ್ಳಿಗಳ ಕಡೆ. ದಂಡು ಕೆಲವು ದಿನ ಇದ್ದು ಎದ್ದು ಹೋಯಿತು. ಊರಿಗೆ ಮಾತ್ರ ನಾಲ್ಕೂವರೆ ನೂರು ವರ್ಷದಿಂದ ಅದರ ಹೆಸರು ಅಂಟಿಕೊಂಡಿದೆ. ಅಷ್ಟು ಕುದುರೆ, ಅಷ್ಟು ಆನೆ ತಿಂದ ಮೇವು ಯಾರ ಹೊಲದ್ದು ಅಂತ ಸಾಲಿಯಲ್ಲಿ ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಊರು ಇರುವುದು ಡೋಣಿ ಹೊಳೆಯ ದಂಡೆಗೆ. ಮೊದಲು ಮುದ್ದೇಬಿಹಾಳ ತಾಲೂಕಿನಲ್ಲಿತ್ತು, ಈಗ ತಾನೇ ತಾಲೂಕು. ಡೋಣಿ ಜತ್ತದ ಕಡೆ ಹುಟ್ಟಿ, ನಮ್ಮ ಜಿಲ್ಲೆಯನ್ನು ಹಾದು ಕೃಷ್ಣೆಗೆ ಕೂಡುತ್ತದೆ. ನೀರು ಉಪ್ಪು, ದಂಡೆಯ ಎರಿ ಭೂಮಿ ಮಾತ್ರ ಬಿಳಿಜೋಳಕ್ಕೆ ಬಂಗಾರ. ಆ ಎರಿ ಯಾರ ಹೆಸರಿನಲ್ಲಿದೆ ಅಂತ ಬಿಡಿಸಿ ಹೇಳಬೇಕಿಲ್ಲ. ನಮ್ಮವರ ಪಾಲಿಗೆ ಬಂದದ್ದು ಎರಿಯ ಕೆಳಗಿನದು. ಇಲ್ಲಿಂದ ಈಶಾನ್ಯಕ್ಕೆ ಶಹಾಬಾದ, ಸೇಡಂವರೆಗೆ ಸುಣ್ಣಕಲ್ಲಿನ ಪಟ್ಟಿ ಹಬ್ಬಿದೆ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರು ಪದರಾಗಿ ಕೂತು ಕಲ್ಲಾದ ಕೆಸರು ಅದು. ಭೂವಿಜ್ಞಾನಿಗಳು ಭೀಮಾ ಸಮೂಹ ಎನ್ನುತ್ತಾರೆ. ರಾಬರ್ಟ್ ಬ್ರೂಸ್ ಫೂಟ್ ಸಾಹೇಬರು ಈ ಸೀಮೆಯನ್ನೆಲ್ಲ ಸುತ್ತಿ, ದಕ್ಷಿಣ ಮರಾಠಾ ನಾಡಿನ ಭೂರಚನೆಯ ಮೇಲೆ 1876ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದರು. ಕಲ್ಲಿನ ಜಾತಿಯನ್ನು ಬರೆದರು. ಒಡೆಯುವವರ ಜಾತಿ ಬರೆಯುವುದು ಅವರ ಕೆಲಸವಾಗಿರಲಿಲ್ಲ ಬಿಡಿ.

ಅದೇ 1876ರಲ್ಲಿ ಮಳೆ ಕೈಕೊಟ್ಟಿತು. ಆಗ ಇದು ಕಲಾದಗಿ ಜಿಲ್ಲೆ. 1872 ಮತ್ತು 1881ರ ಎರಡು ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಹತ್ತಿರಹತ್ತಿರ ಐದರಲ್ಲೊಂದು ಪಾಲು ಕುಸಿಯಿತು. ಸತ್ತವರೆಷ್ಟು, ಗುಳೆ ಹೋದವರೆಷ್ಟು, ಅಂಕಿಯೊಳಗೆ ಬೇರೆಬೇರೆಯಾಗಿ ಕಾಣುವುದಿಲ್ಲ. ಸರಕಾರ ಬರಗಾಲದ ಕಾಮಗಾರಿ ತೆಗೆಯಿತು: ರಸ್ತೆಗೆ ಮಣ್ಣು ಹೊರು, ಜಲ್ಲಿ ಒಡೆ. 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಲೆಕ್ಕ ಹಾಕಿ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಕಾಳು, ಮೇಲೆ ಒಂದಿಷ್ಟು ಚಿಲ್ಲರೆ ಕಾಸಿಗೆ ಇಳಿಸಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಕ್ಕೂ ಕಡಿಮೆ. ಆಗ ಮುಂಬಯಿ ಇಲಾಖೆಯ ಕಾಮಗಾರಿಗಳಲ್ಲಿ ಸಾವಿರಾರು ಕೂಲಿಗಳು ಬುಟ್ಟಿ ಒಗೆದು ಎದ್ದು ನಡೆದರು. ಹೊಟ್ಟೆಗಿಲ್ಲದವರು ಹೂಡಿದ ಮುಷ್ಕರ! ರಾಜರು ಬಡಿದಾಡಿದ ತಾರೀಖನ್ನು ನಾವು ಬಾಯಿಪಾಠ ಮಾಡಿದೆವು. ಈ ಸಂಗತಿ ನಮಗೆ ಸಿಕ್ಕಿದ್ದು ಡಿಗ್ರಿ ಮುಗಿದ ಮೇಲೆ, ಸ್ವಂತ ಹುಡುಕಾಟದಲ್ಲಿ.

ಕಾಲೇಜು ರಜೆಯಲ್ಲಿ ಒಮ್ಮೆ ನಾವು ತಾಳಿಕೋಟಿ ಸುತ್ತಿನ ಖಣಿಗಳಿಗೆ ಹೋಗಿದ್ದೆವು. ಮೇಲಿನ ಎರಿ ಮಣ್ಣು, ಗರಸು ತೆಗೆದರೆ ಬೂದುಬಣ್ಣದ ಕಲ್ಲು ಕಾಣುತ್ತದೆ. ಪದರಿನ ಸಂದಿಗೆ ಚಾಣ ಇಟ್ಟು, ಸುತ್ತಿಗೆಯಿಂದ ಸಾಲಾಗಿ ಬಡಿದು, ಹಾರಿ ಹಾಕಿ ಮೀಟಬೇಕು. ರೊಟ್ಟಿ ಎಬ್ಬಿಸಿದ ಹಾಗೆ ಹಾಸು ಏಳುತ್ತದೆ. ವಡ್ಡರ ಮುದುಕನೊಬ್ಬ ಕಲ್ಲು ತಟ್ಟಿ ತೋರಿಸಿದ: ‘ಟಣ್ ಅಂದ್ರ ಹಾಸು ಪೂರಾ ಬರ್ತದ ತಮ್ಮಾ. ಬದ್ ಅಂದ್ರ ಒಳಗ ಬಿರುಕು ಅದ, ನಮ್ಮ ದುಡಿತ ನೀರಾಗ ಹೋತು.’ ಒಡೆದ ಹಾಸಿಗೆ ಕೂಲಿ ಇಲ್ಲ ಎಂಬುದನ್ನು ಆತ ಯಾವ ಸಿಟ್ಟೂ ಇಲ್ಲದೆ ಹೇಳಿದ; ಸಿಟ್ಟು ಬಂದದ್ದು ನಮಗೆ. ಕಲ್ಲುವಡ್ಡರು, ಮಣ್ಣುವಡ್ಡರು ಅಂತ ಮಾಡುವ ಕೆಲಸವೇ ಈ ಜನಕ್ಕೆ ಕುಲದ ಹೆಸರಾಗಿದೆ. ಅವರ ಜೊತೆಗೆ ನಮ್ಮ ಕೇರಿಯವರು, ಬಡ ಸಾಬರು. ಚೂರುಕಲ್ಲು ಹೊರುವ ಹೆಂಗಸರಿಗೆ ಗಂಡಾಳಿಗಿಂತ ಕಡಿಮೆ ಪಗಾರ. ಮಗಳ ಮದುವೆಗೆ, ಬಾಣಂತನಕ್ಕೆ ಮುಂಗಡ ತಗೊಂಡವನು ಅದೇ ಖಣಿಯಲ್ಲಿ ಮಗನನ್ನೂ ಇಳಿಸುತ್ತಾನೆ.

ಕಾಯ್ದೆ ಇಲ್ಲವೇ? ಇದೆ. 1952ರ ಗಣಿ ಕಾಯ್ದೆಯಲ್ಲಿಯೇ ಕುಡಿಯುವ ನೀರು, ಪ್ರಥಮ ಚಿಕಿತ್ಸೆ ಎಲ್ಲವೂ ಬರೆದಿತ್ತು. 1976ರಲ್ಲಿ ಜೀತ ರದ್ದಾಯಿತು. ಹರಿಯಾಣದ ಫರೀದಾಬಾದಿನ ಕಲ್ಲುಗಣಿಗಳ ಮೊಕದ್ದಮೆಯಲ್ಲಿ, 1983ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು: ಒತ್ತಾಯದ ದುಡಿತ ಕಂಡರೆ ಅದರ ಹಿಂದೆ ಮುಂಗಡ ಇದೆ ಅಂತಲೇ ಹಿಡಿಯಬೇಕು, ಇಲ್ಲವೆಂದು ತೋರಿಸುವ ಹೊಣೆ ಮಾಲೀಕನದು. ಹಳ್ಳಿಯ ಮಾಸ್ತರರು ಈ ಒಂದು ಮಾತನ್ನಾದರೂ ಖಣಿಯ ಹುಡುಗರಿಗೆ ತಿಳಿಸಿ ಹೇಳಬೇಕು. ಮುದುಕನಿಗೆ ನಾವು ಹೇಳಿದಾಗ ಆತ ಕೇಳಿದ್ದು, ‘ಆ ಕೋರ್ಟ್ ಎಲ್ಲೈತಿ?’

2011ರ ಜನಗಣತಿಯಂತೆ ತಾಳಿಕೋಟಿಯಲ್ಲಿ ಸುಮಾರು 31 ಸಾವಿರ ಜನ. ಜಿಲ್ಲೆಯಲ್ಲಿ 21,77,331, ಅದರಲ್ಲಿ ಐದರಲ್ಲೊಬ್ಬರು ಪರಿಶಿಷ್ಟ ಜಾತಿಯವರು. ಖಣಿಯಲ್ಲಿ ಎಷ್ಟು ಜನ ಎಂದು ಈ ಅಂಕಿಗಳಿಂದ ತಿಳಿಯುವುದಿಲ್ಲ. ಈಗ ಮನೆಮನೆಗೂ ಗುಜರಾತಿನ ಮೋರ್ಬಿಯಿಂದ ಟೈಲ್ಸ್ ಬರುತ್ತಿದೆ. ನಾವು ನೋಡಿದ ಖಣಿಗಳಲ್ಲಿ ಕೆಲವು ಆಗಲೇ ನಿಂತು, ಮಳೆನೀರು ತುಂಬಿ, ಎಮ್ಮೆ ಬಿದ್ದಿದ್ದವು. ಮುದುಕನ ಮೊಮ್ಮಗ ಗೋವಾಕ್ಕೆ ಹೋಗಿದ್ದಾನೆ. ಅಲ್ಲಿ ಟೈಲ್ಸ್ ಕೂಡಿಸುವ ಕೆಲಸ.

ಸುಳ್ಳು ಯಾಕೆ, ಹೋದ ವರ್ಷ ನಮ್ಮ ಮನೆಯ ಪರಸಿಯನ್ನೂ ಕಿತ್ತು ಟೈಲ್ಸ್ ಹಾಕಿಸಿದೆವು. ಕಿತ್ತ ಹಾಸುಗಳು ಹಿತ್ತಲ ಗೋಡೆಗೆ ಒರಗಿವೆ. ಇಷ್ಟು ವರ್ಷ ನೆಲಕ್ಕೆ ಮುಖ ಹಾಕಿದ್ದ ಮಗ್ಗುಲು ಈಗ ಮೇಲೆ ಬಂದಿದೆ. ಅಂಚಿನುದ್ದಕ್ಕೂ ಚಾಣದ ಏಟಿನ ಗುರುತುಗಳು ಹಾಗೇ ಇವೆ.