ಪಾರ್ಶ್ವವಾಯುವಿನ ಬಳಿಕ ಕೈಯ ಪುನಶ್ಚೇತನ: ಚರಿತ್ರೆ

ಆಡುಮಾತಿನಲ್ಲಿ ಲಕ್ವ, ಆಯುರ್ವೇದದಲ್ಲಿ ಪಕ್ಷಾಘಾತ. ಮೆದುಳಿನ ಒಂದು ಬದಿಯಲ್ಲಿ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಸಾಮಾನ್ಯವಾಗಿ ಎದುರು ಬದಿಯ ಕೈಕಾಲಿನ ಸ್ವಾಧೀನ ತಪ್ಪುತ್ತದೆ. ಕೋಲೂರಿಕೊಂಡಾದರೂ ನಡೆಯುವ ಮಟ್ಟಕ್ಕೆ ಕಾಲು ಬರುವುದುಂಟು. ಕೈಯ ಕಥೆ ಬೇರೆ. ಅಂಗಿಯ ಗುಂಡಿ ಹಾಕಲು, ಅನ್ನ ಕಲಸಲು ಒಂದೊಂದು ಬೆರಳೂ ತನ್ನಷ್ಟಕ್ಕೆ ಆಡಬೇಕು. ಮೇಲಾಗಿ ಕೆಲಸ ಸಾಗಿಸಲು ಇನ್ನೊಂದು ಕೈ ಇದ್ದೇ ಇರುತ್ತದೆ. ಈ ಚಿಕಿತ್ಸೆಯ ಚರಿತ್ರೆಯಲ್ಲಿ ಆ ಒಳ್ಳೆಯ ಕೈಗೆ ಅರ್ಧ ಖಳನಾಯಕನ ಪಾತ್ರ.

ಬೆಳೆದ ಮೆದುಳು ಒಮ್ಮೆ ಕೆಟ್ಟರೆ ಕೆಟ್ಟಿತೇ ಎಂಬ ನಂಬಿಕೆ 20ನೇ ಶತಮಾನದ ಬಹುಭಾಗ ವೈದ್ಯರಲ್ಲಿ ಬಲವಾಗಿತ್ತು. ಅದರ ವಿರುದ್ಧದ ಸಾಕ್ಷ್ಯವೂ ಬೇಗನೆ ಸಿಕ್ಕಿತ್ತು. ಅಮೆರಿಕದ ಮನೋವಿಜ್ಞಾನಿ ಶೆಫರ್ಡ್ ಐವರಿ ಫ್ರಾನ್ಜ್ 1915ರಲ್ಲೇ ಹಳೆಯ ಪಾರ್ಶ್ವವಾಯು ರೋಗಿಗಳಲ್ಲಿ ಚಲನೆ ಮರಳುವ ಸಾಧ್ಯತೆಯ ಬಗ್ಗೆ ಬರೆದರು. 1917ರಲ್ಲಿ ಆಗ್ಡನ್ ಜೊತೆಗೂಡಿ ಮಂಗಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು: ಒಳ್ಳೆಯ ಕೈಯನ್ನು ಕಟ್ಟಿಹಾಕಿ ಕುಂದಿದ ಕೈಗೆ ಕೆಲಸ ಕೊಟ್ಟಾಗ ಅದು ಚೇತರಿಸಿಕೊಂಡಿತು. ಈ ಲೇಖನವನ್ನು ದಶಕಗಳ ಕಾಲ ಯಾರೂ ಹೆಚ್ಚು ಗಮನಿಸಲಿಲ್ಲ.

ಶತಮಾನದ ನಡುಗಾಲ ವೀಕ್ಷಣೆಯ ಕಾಲ. ಥಾಮಸ್ ಟ್ವಿಚೆಲ್ 1951ರಲ್ಲಿ 121 ರೋಗಿಗಳನ್ನು ಗಮನಿಸಿ, ಚಲನೆ ಭುಜದಿಂದ ಬೆರಳಿನ ಕಡೆಗೆ ಮರಳುತ್ತದೆ, ಮುಷ್ಟಿ ಕಟ್ಟುವುದು ಮೊದಲು, ಬಿಡಿಸುವುದು ಆಮೇಲೆ ಎಂದು ದಾಖಲಿಸಿದರು. ಸ್ವೀಡನ್ ಮೂಲದ ಸಿಗ್ನೆ ಬ್ರುನ್‌ಸ್ಟ್ರಾಮ್ ಚೇತರಿಕೆಯನ್ನು ಹಂತಗಳಾಗಿ ವಿಂಗಡಿಸಿದರು. ನಾಜಿಗಳಿಂದ ತಪ್ಪಿಸಿಕೊಂಡು ಲಂಡನ್ ಸೇರಿದ ಬರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿಯ ಕೈಚಳಕದ ವಿಧಾನ ಜಗತ್ತಿನಾದ್ಯಂತ ಫಿಸಿಯೋಥೆರಪಿ ತರಗತಿಗಳಿಗೆ ಹಬ್ಬಿತು. 1975ರಲ್ಲಿ ಸ್ವೀಡನ್ನಿನ ಫುಗ್ಲ್-ಮೇಯರ್ ಕೈ-ತೋಳಿಗೆ 66 ಅಂಕಗಳ ಅಳತೆಗೋಲು ಕೊಟ್ಟರು. ಇಂದಿಗೂ ಸಂಶೋಧಕರು ಅದನ್ನೇ ಹಿಡಿಯುತ್ತಾರೆ.

ಇದೇ ಅವಧಿಯಲ್ಲಿ ಒಂದು ಮನೆಯೊಳಗೆ ಬೇರೆಯೇ ಪ್ರಯೋಗ ನಡೆದಿತ್ತು. ನ್ಯೂಯಾರ್ಕಿನ ಕವಿ, ಪ್ರಾಧ್ಯಾಪಕ ಪೆಡ್ರೊ ಬಾಕ್-ಇ-ರೀಟಾ ಅವರಿಗೆ 1959ರಲ್ಲಿ, 65ನೇ ವಯಸ್ಸಿನಲ್ಲಿ, ಲಕ್ವ ಹೊಡೆಯಿತು. ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಮಗ ಜಾರ್ಜ್‌ಗೆ ಪುನಶ್ಚೇತನ ಶಾಸ್ತ್ರದ ಗಂಧವಿರಲಿಲ್ಲ, ಅದೇ ಒಳ್ಳೆಯದಾಯಿತೇನೋ. ಅಪ್ಪನನ್ನು ಕೂಸಿನಂತೆ ಅಂಬೆಗಾಲಿಡಿಸಿದ, ಗೋಲಿ ಆಡಿಸಿದ, ಕುಂದಿದ ಕೈಯಿಂದ ಪಾತ್ರೆ ಉಜ್ಜಿಸಿದ. ಪೆಡ್ರೊ ಪಾಠಕ್ಕೆ ಮರಳಿದರು. 1965ರಲ್ಲಿ ಕೊಲಂಬಿಯಾದ ಬೆಟ್ಟ ಹತ್ತುವಾಗ ಹೃದಯಾಘಾತದಿಂದ ತೀರಿಕೊಂಡ ಮೇಲೆ ಮೆದುಳನ್ನು ಪರೀಕ್ಷಿಸಿದಾಗ ಬೆರಗು ಕಾದಿತ್ತು: ಹಳೆಯ ಗಾಯ ದೊಡ್ಡದಾಗಿಯೇ ಉಳಿದಿತ್ತು. ಹಿರಿಯ ಮಗ ಪಾಲ್ ಮೆದುಳಿನ ಮಾರ್ಪಾಡಿನ ಅಧ್ಯಯನಕ್ಕೆ ಬಾಳನ್ನೇ ಮುಡಿಪಿಟ್ಟರು.

ಹಳೆಯ ಮಂಗಪ್ರಯೋಗದ ಎಳೆಯನ್ನು ಮತ್ತೆ ಹಿಡಿದವರು ಮನೋವಿಜ್ಞಾನಿ ಎಡ್ವರ್ಡ್ ಟಾಬ್. ಸ್ಪರ್ಶದ ನರ ಕತ್ತರಿಸಿದ ತೋಳನ್ನು ಮಂಗ ಬಳಸುವುದೇ ಇಲ್ಲ. ಆದರೆ ಒಳ್ಳೆಯ ತೋಳನ್ನು ಕಟ್ಟಿದರೆ ಬಳಸುತ್ತದೆ. ಅಂದರೆ ಕೈ ಸತ್ತಿಲ್ಲ. ಮೊದಮೊದಲ ಸೋಲುಗಳಿಂದ ಅದನ್ನು ಬಳಸದಿರುವುದನ್ನು ಪ್ರಾಣಿ ಕಲಿತಿದೆ. 1981ರಲ್ಲಿ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್‌ನಲ್ಲಿದ್ದ ಅವರ ಪ್ರಯೋಗಾಲಯದ ಮೇಲೆ ಪ್ರಾಣಿಹಕ್ಕು ಕಾರ್ಯಕರ್ತರೊಬ್ಬರ ದೂರಿನಿಂದ ಪೊಲೀಸ್ ದಾಳಿ ನಡೆದು 17 ಮಂಗಗಳು ವಶವಾದವು. ಟಾಬ್‌ಗೆ ಆಗಿದ್ದ ಪ್ರಾಣಿಹಿಂಸೆಯ ಶಿಕ್ಷೆ ಮೇಲ್ಮನವಿಯಲ್ಲಿ, 1983ರಲ್ಲಿ, ರದ್ದಾಯಿತು. ಪ್ರಾಣಿಗಳ ಬಗೆಗಿನ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ, ಮುಗಿಯಬೇಕಾಗಿಯೂ ಇರಲಿಲ್ಲ. ಟಾಬ್ ಅಲಬಾಮಾಕ್ಕೆ ಹೋಗಿ ಅದೇ ತತ್ವವನ್ನು ಮನುಷ್ಯರಿಗೆ ಅಳವಡಿಸಿದರು. ಒಳ್ಳೆಯ ಕೈಗೆ ದಪ್ಪ ಗವಸು, ಕುಂದಿದ ಕೈಗೆ ದಿನಕ್ಕೆ ಆರು ಗಂಟೆಯವರೆಗೆ ಅಭ್ಯಾಸ, ಎರಡು ವಾರ. 2006ರಲ್ಲಿ ಪ್ರಕಟವಾದ, 222 ರೋಗಿಗಳ ‘ಎಕ್ಸೈಟ್’ ಪ್ರಯೋಗದಲ್ಲಿ ಇದರ ಲಾಭ ಒಂದು ವರ್ಷದ ನಂತರವೂ ಉಳಿದಿತ್ತು.

ಆ ಮಂಗಗಳಿಂದಲೇ ಇನ್ನೊಂದು ಕವಲು ಒಡೆಯಿತು. ಸ್ಪರ್ಶ ಕಳೆದುಕೊಂಡ ಕೈಯ ಮೆದುಳಿನ ಜಾಗವನ್ನು ಮುಖದ ಭಾಗ ಆಕ್ರಮಿಸಿದ್ದು 1991ರಲ್ಲಿ ಬೆಳಕಿಗೆ ಬಂತು. ಇದರಿಂದ ಸ್ಫೂರ್ತಿ ಪಡೆದ ತಮಿಳುನಾಡು ಮೂಲದ ವಿ. ಎಸ್. ರಾಮಚಂದ್ರನ್, ಕೈ ಕಳೆದುಕೊಂಡವರಿಗೆ ಇಲ್ಲದ ಕೈಯ ನೋವು ಕಾಡುವುದೇಕೆಂದು ಶೋಧಿಸಿ, ಕನ್ನಡಿ ಪೆಟ್ಟಿಗೆಯನ್ನು ರೂಪಿಸಿದರು. ಒಳ್ಳೆಯ ಕೈಯ ಬಿಂಬ ಕುಂದಿದ ಕೈಯೇ ಆಡುತ್ತಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. 1999ರಲ್ಲಿ ಅದನ್ನು ಒಂಬತ್ತು ಪಾರ್ಶ್ವವಾಯು ರೋಗಿಗಳಲ್ಲಿ ಪರೀಕ್ಷಿಸಲಾಯಿತು. ಖಳನಾಯಕನಿಗೆ ಇಲ್ಲಿ ಸಹಾಯಕನ ಪಾತ್ರ. ಖರ್ಚೂ ಒಂದು ಕನ್ನಡಿಯಷ್ಟೇ.

ಗವಸಿನ ಚಿಕಿತ್ಸೆಗೆ ಮಣಿಕಟ್ಟನ್ನೂ ಬೆರಳನ್ನೂ ಸ್ವಲ್ಪವಾದರೂ ಎತ್ತುವ ಶಕ್ತಿ ಬೇಕು. ಬಿಗಿಮುಷ್ಟಿಯವರಿಗೆ ಸ್ನಾಯು ಸಡಿಲಿಸುವ ಬೊಟುಲಿನಮ್ ಚುಚ್ಚುಮದ್ದು, ವಿದ್ಯುತ್ ಪ್ರಚೋದನೆ, ಎಂಐಟಿಯಲ್ಲಿ 1990ರ ದಶಕದಲ್ಲಿ ಹುಟ್ಟಿದ ರೋಬಾಟ್ ತೋಳುಗಳು ಬಂದವು. 2021ರಲ್ಲಿ ಅಮೆರಿಕ, ಅಭ್ಯಾಸದ ಜೊತೆಗೆ ಕುತ್ತಿಗೆಯ ವೇಗಸ್ ನರವನ್ನು ಮಿಡಿಸುವ ಸಾಧನಕ್ಕೆ ಒಪ್ಪಿಗೆ ಕೊಟ್ಟಿತು.

ಆರು ಗಂಟೆಯ ಥೆರಪಿಸ್ಟ್ ಭಾರತದಲ್ಲಿ ಎಷ್ಟು ಮಂದಿಗೆ ಸಿಕ್ಕಾರು? ಮನೆಯವರಿಗೇ ತರಬೇತಿ ಕೊಟ್ಟರೆ ಹೇಗೆಂದು ದೇಶದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳೊಂದಿಗೆ ನಡೆದ ‘ಅಟೆಂಡ್’ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಕೈಯೊಂದನ್ನೇ ಅಲ್ಲ, ಒಟ್ಟಾರೆ ಪರಾವಲಂಬನೆಯನ್ನು ಅಳೆದ ಆ ಪ್ರಯೋಗದಲ್ಲಿ, ಆರು ತಿಂಗಳಾದ ಮೇಲೆ, ಎಂದಿನ ಆರೈಕೆ ಪಡೆದವರಿಗೂ ತರಬೇತಾದ ಮನೆಯವರ ನೆರವು ಪಡೆದವರಿಗೂ ವ್ಯತ್ಯಾಸ ಕಾಣಲಿಲ್ಲ.